ಜಗುಲಿಯಿದ್ದ ಮನೆ

ಅರಸೀಕೆರೆ ರೈಲು ನಿಲ್ದಾಣದ ಹತ್ತಿರ ಹಳೆಯ ಹೆಂಚಿನ ಮನೆಯೊಂದು ದುರಸ್ತಿಯಾಗಿ ಹೊಸದಾಗಿ ನಿಂತಿದೆ. 'ಮಾರಾಟಕ್ಕಿದೆ' ಎಂದು ಫಲಕ ತೂಗಿದೆ. ಬೆಂಗಳೂರು–ಹುಬ್ಬಳ್ಳಿ ಮಾರ್ಗದಿಂದ ಹಾಸನದ ಹಳಿ ಕವಲೊಡೆಯುವ ಊರು. ದಿನವೂ ಕೆಲಸಕ್ಕೆ ಹೋಗಿಬರುವವರಿಗೆ ಅನುಕೂಲ. ಒಳಗೆ ಟೈಲ್ಸ್, ಗ್ರಾನೈಟ್ ಕಟ್ಟೆ, ಎಲ್ಲ ಚೆಂದ. ಆದರೆ ಕಾರು ನಿಲ್ಲಿಸಲು ಜಗುಲಿ ಒಡೆದಿದ್ದಾರೆ. ನೋಡಿ ಸಂಕಟವಾಯಿತು. ಕೊಬ್ಬರಿ ಮಾರಿ ಬಂದವರು ಕೂತು, ನೀರು ಕುಡಿದು ಸುಧಾರಿಸಿಕೊಳ್ಳುತ್ತಿದ್ದ ಜಾಗವದು.

ದುರಸ್ತಿ ಬೇಡವೆಂದಲ್ಲ. ಬೇಲೂರಿನಲ್ಲಿ ವಿಷ್ಣುವರ್ಧನ 1117ರಲ್ಲಿ ಕಟ್ಟಿಸಿದ ಗುಡಿಗೂ ದುರಸ್ತಿಯ ಕಾಲ ಬಂದಿತ್ತು. ಹಾಳಾಗಿದ್ದ ಹೆಬ್ಬಾಗಿಲ ಗೋಪುರವನ್ನು ವಿಜಯನಗರದ ದಂಡನಾಯಕ ಗುಂಡ 1397ರಲ್ಲಿ ಮತ್ತೆ ಎತ್ತಿಸಿದ. ಆದರೆ ಗುಡಿ ನಿಂತಿರುವ ಎತ್ತರದ ಕಟ್ಟೆ, ಅಂದರೆ ಜಗತಿ, ಇಂದಿಗೂ ಇದೆ. ಅದರ ಮೇಲೆ ನಡೆದೇ ನಾವು ಪ್ರದಕ್ಷಿಣೆ ಬರುತ್ತೇವೆ.

ಆ ಮನೆ ಕೊಳ್ಳುವವರು ಬಾಗಿಲ ಪಕ್ಕ ಒಂದು ಕಲ್ಲುಚಪ್ಪಡಿಯನ್ನಾದರೂ ಹಾಕಿಸಲಿ. ದಣಿದು ಬಂದವರು ಕೂರಲಿ.