ಯಾರಿಗೆ ಪತ್ರ ಬರೆಯಬಹುದು?



ಇವತ್ತು ಕೆಲವು ಹಳೆಯ ಪತ್ರಗಳ ಬಗ್ಗೆ ಮಾತಾಡೋಣ. ದುಬೈ, ಅಬುಧಾಬಿಯ ಆಳರಸರಿಗೂ ಬ್ರಿಟಿಷ್ ಇಂಡಿಯಾದ ಅಧಿಕಾರಿಗಳಿಗೂ ನಡುವೆ ನೂರಕ್ಕೂ ಹೆಚ್ಚು ವರ್ಷ ಓಡಾಡಿದ ಪತ್ರಗಳು ಇವು. ಈ ಊರುಗಳಲ್ಲಿ ಇಂದು ದುಡಿದು ಬಾಳುತ್ತಿರುವ ಕನ್ನಡಿಗರಿಗೂ ಈ ಸಂಗತಿ ಅಷ್ಟಾಗಿ ಗೊತ್ತಿಲ್ಲ. ಕೊಲ್ಲಿಯ ಈ ದಡವನ್ನು ಬ್ರಿಟಿಷರು ನೋಡಿಕೊಂಡದ್ದು ಭಾರತದ ಮೂಲಕ. ಮೊದಲು ಮುಂಬಯಿ ಸರ್ಕಾರ, 1873ರಿಂದ ಭಾರತ ಸರ್ಕಾರವೇ ಇಲ್ಲಿನ ವ್ಯವಹಾರ ನಡೆಸಿತು. 1909ರಲ್ಲಿ ದುಬೈಯಲ್ಲಿ ತೆರೆದ ಅಂಚೆ ಕಚೇರಿ ಭಾರತದ ಅಂಚೆ ಇಲಾಖೆಯದು; ಲಕೋಟೆಗೆ ಅಂಟಿಸುತ್ತಿದ್ದುದು ಭಾರತದ ಅಂಚೆಚೀಟಿ. ಸಂತೆಯಲ್ಲಿ ಓಡುತ್ತಿದ್ದುದು ರೂಪಾಯಿ. 1959ರಲ್ಲಿ ರಿಸರ್ವ್ ಬ್ಯಾಂಕು ಕೊಲ್ಲಿಗೆಂದೇ ಬೇರೆ ನೋಟು ಹೊರಡಿಸಿತು, 1966ರವರೆಗೂ ರೂಪಾಯಿಯೇ ಇಲ್ಲಿನ ಹಣವಾಗಿತ್ತು.

ಹಾಗಾಗಿ ದುಬೈಯ ಶೇಖರು ಬರೆದ ಕಾಗದಕ್ಕೂ ಮೈಸೂರಿನ ಅರಸರು ಬರೆದ ಕಾಗದಕ್ಕೂ ನಂಟಿದೆ. ಎರಡೂ ಕೊನೆಗೆ ಸೇರುತ್ತಿದ್ದುದು ಒಂದೇ ಸರ್ಕಾರದ ವಿದೇಶಾಂಗ ಇಲಾಖೆಯನ್ನು. ಈ ನಂಟು ಎಲ್ಲಕ್ಕಿಂತ ಸ್ಪಷ್ಟವಾಗಿ ಕಾಣುವುದು ಒಂದು ಷರತ್ತಿನಲ್ಲಿ. ಅದನ್ನು ತಿಳಿಯಲು ಶ್ರೀರಂಗಪಟ್ಟಣದಿಂದ ಹೊರಡಬೇಕು.

ಟಿಪ್ಪು ಸುಲ್ತಾನ್ ಬಹಳ ಪತ್ರ ಬರೆಸಿದ ದೊರೆ. ಮಸ್ಕತ್ತಿನಲ್ಲಿ ಅವನದೇ ಒಂದು ವ್ಯಾಪಾರ ಕೋಠಿ ಇತ್ತು. ಅಲ್ಲಿನ ಮೇಲ್ವಿಚಾರಕ ದರೋಗನಿಗೆ ಅಕ್ಕಿ, ಮೆಣಸು, ಶ್ರೀಗಂಧದ ಮಾರಾಟದ ಬಗ್ಗೆ ಆಜ್ಞೆಗಳು ಹೋಗುತ್ತಿದ್ದವು. ರೇಷ್ಮೆ ಹುಳುಗಳನ್ನು, ಅವನ್ನು ಸಾಕಬಲ್ಲವರನ್ನು ಹುಡುಕಿ ಕಳಿಸಬೇಕೆಂದೂ ಆ ಪತ್ರಗಳಲ್ಲಿ ಹೇಳಿದೆ. 1786ರಲ್ಲಿ ಅವನ ರಾಯಭಾರಿಗಳು ನಮ್ಮ ಉತ್ತರ ಕನ್ನಡದ ತದಡಿ ಬಂದರಿನಿಂದ ಹಡಗು ಹತ್ತಿದರು. ಮಸ್ಕತ್, ಬುಷೇರ್, ಬಸ್ರಾ ದಾಟಿ ಇಸ್ತಾಂಬುಲಿನ ಸುಲ್ತಾನನ ಕಡೆಗೆ ನಡೆದರು. ಕಾಬೂಲಿನ ಜಮಾನ್ ಷಾಗೆ ಪತ್ರ, ಫ್ರೆಂಚರಿಗೆ ಪತ್ರ. ಫ್ರೆಂಚರ ನೆರವು ಕೋರಿದ ವಿಷಯವನ್ನು 1798ರ ಜನವರಿಯಲ್ಲಿ ಮಾರಿಷಸ್ಸಿನ ಗವರ್ನರ್ ಊರಿಗೆಲ್ಲ ಸಾರಿಬಿಟ್ಟ. ಗವರ್ನರ್ ಜನರಲ್ ವೆಲ್ಲೆಸ್ಲಿಗೆ ಯುದ್ಧಕ್ಕೆ ಅದೇ ನೆಪವಾಯಿತು. 1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆ ಬಿದ್ದಿತು, ಸುಲ್ತಾನನೂ ಮಡಿದ.

ಎರಡು ತಿಂಗಳ ಬಳಿಕ, ಜುಲೈ 8ರಂದು, ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರ ಹೆಸರಿನಲ್ಲಿ ಈಸ್ಟ್ ಇಂಡಿಯಾ ಕಂಪನಿಯೊಂದಿಗೆ ಒಪ್ಪಂದವಾಯಿತು. ಅದರಲ್ಲೊಂದು ಕಟ್ಟಳೆ: ಕಂಪನಿಗೆ ತಿಳಿಸದೆ, ಅದರ ಒಪ್ಪಿಗೆಯಿಲ್ಲದೆ, ಯಾವ ಹೊರರಾಜ್ಯದ ಜೊತೆಗೂ ಮೈಸೂರಿನ ಅರಸರು ಪತ್ರವ್ಯವಹಾರ ಇಟ್ಟುಕೊಳ್ಳಕೂಡದು. ಟಿಪ್ಪುವಿನ ಪತ್ರಗಳು ಎಲ್ಲೆಲ್ಲಿಗೆ ಹೋಗಿದ್ದವೆಂಬುದನ್ನು ಕಂಡವರು ಹಾಕಿದ ಬೇಲಿ ಇದು.

ಈಗ 93 ವರ್ಷ ಮುಂದೆ ಬನ್ನಿ. 1892ರ ಮಾರ್ಚ್ ತಿಂಗಳು. ಅಬುಧಾಬಿಯ ಶೇಖ್ ಜಾಯೆದ್ ಬಿನ್ ಖಲೀಫಾ, ದುಬೈಯ ಶೇಖ್ ರಾಶಿದ್ ಬಿನ್ ಮಕ್ತೂಮ್, ಅಕ್ಕಪಕ್ಕದ ಇತರ ಶೇಖರು ಒಂದು ಕರಾರಿಗೆ ಸಹಿ ಹಾಕಿದರು. ಬ್ರಿಟಿಷ್ ಸರ್ಕಾರವೊಂದನ್ನು ಬಿಟ್ಟು ಬೇರೆ ಯಾವ ಶಕ್ತಿಯೊಂದಿಗೂ ಒಪ್ಪಂದ ಮಾಡಿಕೊಳ್ಳುವುದಿಲ್ಲ, ಪತ್ರವ್ಯವಹಾರ ನಡೆಸುವುದಿಲ್ಲ. ಬ್ರಿಟಿಷರ ಸಮ್ಮತಿಯಿಲ್ಲದೆ ಬೇರೆ ಸರ್ಕಾರದ ಏಜೆಂಟನನ್ನು ನಮ್ಮ ನೆಲದಲ್ಲಿ ಇರಗೊಡುವುದಿಲ್ಲ. ಬ್ರಿಟಿಷರಿಗಲ್ಲದೆ ಇನ್ನಾರಿಗೂ ನಮ್ಮ ನೆಲವನ್ನು ಕೊಡುವುದಿಲ್ಲ, ಮಾರುವುದಿಲ್ಲ, ಒತ್ತೆಯಿಡುವುದಿಲ್ಲ. ಮೇ ತಿಂಗಳಲ್ಲಿ ವೈಸರಾಯ್ ಲ್ಯಾನ್ಸ್‌ಡೌನ್ ಅದನ್ನು ಸ್ಥಿರಪಡಿಸಿದರು. ಮೈಸೂರಿನ ಕಟ್ಟಳೆಯೇ ಅರಬ್ಬೀ ಸಮುದ್ರ ದಾಟಿ ಇಲ್ಲಿಗೂ ಬಂದಿತ್ತು.

ಒಬ್ಬ ದೊರೆಯ ಸ್ವಾತಂತ್ರ್ಯ ಎಷ್ಟಿದೆ ಎಂದು ಅಳೆಯಬೇಕಾದರೆ ಅವನ ಸೈನ್ಯವನ್ನು ಎಣಿಸುವ ಮೊದಲು, ಅವನು ಯಾರಿಗೆ ಪತ್ರ ಬರೆಯಬಲ್ಲ ಎಂದು ಕೇಳಬೇಕು. ಸಾಮ್ರಾಜ್ಯದ ಅಧಿಕಾರಿಗಳಿಗೆ ಇದು ಚೆನ್ನಾಗಿ ಗೊತ್ತಿತ್ತು. ಉಳಿದ ಬಾಗಿಲುಗಳನ್ನೆಲ್ಲ ಮುಚ್ಚಿ ಒಂದನ್ನು ಮಾತ್ರ ತೆರೆದಿಟ್ಟರು. ಆ ಒಂದೇ ಬಾಗಿಲಿನಿಂದ ಇಲ್ಲಿನ ಶೇಖರು ಎಷ್ಟನ್ನು ಉಳಿಸಿಕೊಂಡರು, ಎಷ್ಟನ್ನು ಪಡೆದುಕೊಂಡರು ಎಂಬುದೇ ಈ ಪತ್ರಗಳ ಕಥೆ.

ಕಥೆ ಶುರುವಾಗುವುದು ತೋಪಿನಿಂದ. 1819ರ ಕೊನೆಯಲ್ಲಿ ಮುಂಬಯಿಯಿಂದ ಬಂದ ನೌಕಾಪಡೆ ರಾಸ್ ಅಲ್ ಖೈಮಾವನ್ನು ಹಿಡಿಯಿತು. 1820ರ ಜನವರಿಯಿಂದ ಕರಾವಳಿಯ ಶೇಖರು ಒಬ್ಬೊಬ್ಬರಾಗಿ ಶಾಂತಿ ಒಪ್ಪಂದಕ್ಕೆ ಸಹಿ ಹಾಕಿದರು. ಕಡಲ್ಗಳ್ಳತನ ನಿಲ್ಲಿಸಲು ಎಂದು ಮಾಡಿದ ಈ ಒಪ್ಪಂದದ ಒಂದು ಭಾಗ ಕಾಗದದ್ದೇ. ಪ್ರತಿ ಹಡಗಿನಲ್ಲೂ ಶೇಖರ ಸಹಿಯುಳ್ಳ ದಾಖಲೆ ಇರಬೇಕು. ಹಡಗಿನ ಹೆಸರು, ಉದ್ದ, ಅಗಲ, ಹೊರುವ ಭಾರ ಅದರಲ್ಲಿ ಬರೆದಿರಬೇಕು. ಬಂದರು ಬಿಡುವಾಗ ಇನ್ನೊಂದು ಚೀಟಿ: ಮಾಲೀಕ ಯಾರು, ನಖೋದಾ, ಅಂದರೆ ಹಡಗಿನ ನಾಯಕ, ಯಾರು, ಹಡಗಿನಲ್ಲಿ ಎಷ್ಟು ಜನ, ಎಷ್ಟು ಆಯುಧ, ಎಲ್ಲಿಂದ ಹೊರಟು ಎಲ್ಲಿಗೆ ಹೋಗುತ್ತಿದೆ. ದಾರಿಯಲ್ಲಿ ಬ್ರಿಟಿಷ್ ಹಡಗು ಎದುರಾದರೆ ಆ ಚೀಟಿ ತೋರಿಸಬೇಕು. ಮಾತಿನ ಭರವಸೆಯ ಮೇಲೆ ನಡೆಯುತ್ತಿದ್ದ ಕಡಲಿಗೆ ಲಿಖಿತದ ಕಟ್ಟುಪಾಡು ಬಂದದ್ದು ಹೀಗೆ. 1835ರಲ್ಲಿ ಮುತ್ತು ತೆಗೆಯುವ ಋತುವಿನಲ್ಲಿ ಜಗಳವಾಡದಿರಲು ಒಂದು ಕದನವಿರಾಮ ಆಯಿತು. ಮತ್ತೆ ಮತ್ತೆ ನವೀಕರಣಗೊಂಡು 1853ರಲ್ಲಿ ಅದು ಕಾಯಂ ಆಯಿತು.

ಇನ್ನು ಒಂದು ಪತ್ರ ಸಾಗುತ್ತಿದ್ದ ದಾರಿ ನೋಡೋಣ. ಅಬುಧಾಬಿಯ ಹೊಸನ್ ಕೋಟೆಯಲ್ಲೋ ದುಬೈ ಖಾರಿಯ ದಡದ ಶಿಂದಗಾದಲ್ಲೋ ಶೇಖರು ಹೇಳಿ ಬರೆಸಿದ ಅರಬ್ಬೀ ಪತ್ರ ಮೊದಲು ಶಾರ್ಜಾದಲ್ಲಿದ್ದ ರೆಸಿಡೆನ್ಸಿ ಏಜೆಂಟನ ಕೈಗೆ ಬರುತ್ತಿತ್ತು. ಸುಮಾರು ನೂರು ವರ್ಷಕ್ಕೂ ಮಿಕ್ಕಿ ಈ ಹುದ್ದೆಯಲ್ಲಿದ್ದವರು ಆಂಗ್ಲರಲ್ಲ, ಈ ಭಾಗದ ನಡೆನುಡಿ ಬಲ್ಲ ಮುಸ್ಲಿಮರು; ಹಲವರು ವರ್ತಕ ಮನೆತನದವರು. 1919ರಿಂದ 1935ರವರೆಗೆ ಏಜೆಂಟರಾಗಿದ್ದ ಖಾನ್ ಬಹಾದ್ದೂರ್ ಈಸಾ ಬಿನ್ ಅಬ್ದುಲ್ ಲತೀಫ್ ಅವರಿಗಿಂತ ಮೊದಲು ಅವರ ತಂದೆಯೇ ಆ ಕೆಲಸ ಮಾಡಿದ್ದರು. ಅಲ್ಲಿಂದ ಪತ್ರ ಹಡಗೇರಿ ಇರಾನಿನ ದಡದ ಬುಷೇರಿಗೆ, ಕೊಲ್ಲಿಯ ಬ್ರಿಟಿಷ್ ಪ್ರತಿನಿಧಿಯಾದ ರೆಸಿಡೆಂಟರ ಕಚೇರಿಗೆ. ಅಲ್ಲಿ ಅದಕ್ಕೆ ಸಂಖ್ಯೆ ಬೀಳುತ್ತಿತ್ತು, ಹಿಜರಿ ತಾರೀಖಿನ ಪಕ್ಕದಲ್ಲಿ ಇಂಗ್ಲಿಷ್ ತಾರೀಖು ಬೀಳುತ್ತಿತ್ತು, ಮುನ್ಶಿಗಳು ಅನುವಾದಿಸುತ್ತಿದ್ದರು. ವಿಷಯ ಗಹನವಾಗಿದ್ದರೆ ಭಾರತಕ್ಕೆ ಹೋಗಿ, ಅಭಿಪ್ರಾಯಗಳನ್ನು ಹೊತ್ತು, ಅದೇ ದಾರಿಯಲ್ಲಿ ಹಿಂದಿರುಗುತ್ತಿತ್ತು.

ಮಾನಮರ್ಯಾದೆಯಲ್ಲೂ ಮೇಲುಕೀಳಿತ್ತು. ಭಾರತದ ದೊಡ್ಡ ಸಂಸ್ಥಾನಿಕರು ವೈಸರಾಯರಿಗೆ ಬರೆಯುವ ಖರೀತವೆಂಬ ಪತ್ರ ರೇಷ್ಮೆ ಚೀಲದಲ್ಲಿ, ಮೊಹರಿನೊಂದಿಗೆ ಹೋಗುತ್ತಿತ್ತು. ಮೈಸೂರಿನ ಮಹಾರಾಜರಿಗೆ 21 ತೋಪುಗಳ ಗೌರವ. ಕೊಲ್ಲಿಯ ಈ ಶೇಖರಿಗೆ ಮೂರು, ಹೆಚ್ಚೆಂದರೆ ಐದು. ಅವರ ಪತ್ರ ರೆಸಿಡೆಂಟರವರೆಗೆ. ಅದರಾಚೆಗೆ ಹೋಗುವುದು ಅಧಿಕಾರಿಯ ಮರ್ಜಿ.

ಪತ್ರಗಳಲ್ಲಿ ಏನಿರುತ್ತಿತ್ತು? ಒಂದು ದೊಡ್ಡ ಪಾಲು ಸಾಲದ ವ್ಯಾಜ್ಯ. ಮುತ್ತಿನ ದೋಣಿಗಳಿಗೆ ಮುಂಗಡ ಕೊಡುತ್ತಿದ್ದ ಸಾಹುಕಾರರಲ್ಲಿ ಸಿಂಧ್, ಕಛ್ ಕಡೆಯ ವರ್ತಕರು ಬಹಳ. ಅವರು ಬ್ರಿಟಿಷ್ ರಕ್ಷಣೆಗೆ ಒಳಪಟ್ಟವರು. ಸಾಲಗಾರ ತಪ್ಪಿಸಿಕೊಂಡು ಪಕ್ಕದ ಶೇಖರ ಊರು ಸೇರಿದರೆ ದೂರು ಏಜೆಂಟನಿಗೆ, ಏಜೆಂಟನಿಂದ ಶೇಖರಿಗೆ. ಇಂಥ ಓಡಿಹೋದವರನ್ನು ಒಬ್ಬರಿಗೊಬ್ಬರು ಒಪ್ಪಿಸಬೇಕೆಂದು 1879ರಲ್ಲಿ ಶೇಖರ ನಡುವೆಯೇ ಒಪ್ಪಂದ ಆಯಿತು. ಅಂದರೆ ರಾಜತಾಂತ್ರಿಕ ಪತ್ರವೆಂದರೆ ಯುದ್ಧ, ಸಂಧಿ ಮಾತ್ರವಲ್ಲ; ಮುಳುಗುಗಾರನ ಮನೆಯ ಹಣಕಾಸೂ ಅದರೊಳಗಿತ್ತು.

ಕೆಲವು ಪತ್ರಗಳ ಹಿಂದೆ ಹಡಗಿನ ತೋಪು ನಿಂತಿರುತ್ತಿತ್ತು. 1910ರ ಡಿಸೆಂಬರ್ 24ರಂದು ಬಂದೂಕುಗಳ ಕಳ್ಳಸಾಗಣೆ ಹುಡುಕುವ ನೆಪದಲ್ಲಿ ಹಯಸಿಂತ್ ಎಂಬ ಯುದ್ಧನೌಕೆಯ ತುಕಡಿ ದುಬೈಯಲ್ಲಿ ಇಳಿಯಿತು. ಕಾಳಗ ನಡೆದು ಎರಡೂ ಕಡೆ ಸಾವುಗಳಾದವು. ಹೆಚ್ಚು ಸತ್ತವರು ದುಬೈಯವರು. ಆಮೇಲೆ ರೆಸಿಡೆಂಟ್ ಪರ್ಸಿ ಕಾಕ್ಸ್ ಶೇಖ್ ಬುತ್ತಿ ಬಿನ್ ಸುಹೈಲರ ಮುಂದಿಟ್ಟ ಬೇಡಿಕೆಗಳಲ್ಲಿ 400 ಬಂದೂಕುಗಳು, 50,000 ರೂಪಾಯಿ ಸೇರಿದ್ದವು. ಊರಲ್ಲಿ ಬ್ರಿಟಿಷ್ ಏಜೆಂಟನನ್ನು ಇರಿಸಿಕೊಳ್ಳಬೇಕೆಂಬುದೂ ಒಂದು. ಬಂದೂಕುಗಳನ್ನು ಒಪ್ಪಿಸಿದ ಶೇಖರು ಏಜೆಂಟನನ್ನು ಒಪ್ಪಲಿಲ್ಲ. ಭಾರತ ಸರ್ಕಾರವೂ ಅಷ್ಟು ದೂರ ಹೋಗಲು ಸಿದ್ಧವಿರಲಿಲ್ಲ. ದುಬೈಯಲ್ಲಿ ಬ್ರಿಟಿಷ್ ಪೊಲಿಟಿಕಲ್ ಏಜೆನ್ಸಿ ನೆಲೆಯೂರಿದ್ದು 1950ರ ದಶಕದಲ್ಲಿ. ತೋಪಿನ ಎದುರು ನಿಂತ ಒಂದು ‘ಇಲ್ಲ’ಕ್ಕೆ ಎಷ್ಟು ಬೆಲೆಯಿತ್ತು ನೋಡಿ.

ಇನ್ನು ನಾನು ನಿಮ್ಮ ಗಮನ ಸೆಳೆಯಬೇಕೆಂದಿರುವುದು 1922ರ ಆರು ಪತ್ರಗಳತ್ತ. ಫೆಬ್ರವರಿಯಿಂದ ಮೇ ನಡುವೆ ಆರು ಜನ ಶೇಖರು ರೆಸಿಡೆಂಟರಿಗೆ ಒಂದೊಂದು ಪತ್ರ ಬರೆದರು. ದುಬೈಯ ಶೇಖ್ ಸಯೀದ್ ಬಿನ್ ಮಕ್ತೂಮರದು ಮೇ 2ರದ್ದು, ಅಬುಧಾಬಿಯ ಶೇಖ್ ಹಮ್ದಾನ್ ಬಿನ್ ಜಾಯೆದರದು ಮಾರನೆಯ ದಿನದ್ದು. ನಮ್ಮ ನೆಲದಲ್ಲಿ ಎಣ್ಣೆ ಸಿಗುವ ಸೂಚನೆಯಿದ್ದರೆ, ಬ್ರಿಟಿಷ್ ಸರ್ಕಾರ ನೇಮಿಸಿದವರಿಗಲ್ಲದೆ ಬೇರೆಯವರಿಗೆ ಗುತ್ತಿಗೆ ಕೊಡುವುದಿಲ್ಲ ಎಂಬುದೇ ಆರರ ಸಾರ. ಶಾರ್ಜಾದ ಶೇಖರಂತೂ ಇದನ್ನು ಸ್ವಇಚ್ಛೆಯಿಂದ ಬರೆಯುತ್ತಿರುವುದಾಗಿ ಹೇಳಿದ್ದಾರೆ. ಇಲ್ಲಿ ಸ್ವಲ್ಪ ನಿಂತು ಯೋಚಿಸೋಣ. ಈ ನೆಲದಲ್ಲಿ ಒಂದು ಎಣ್ಣೆ ಬಾವಿಯೂ ಕೊರೆಯದ ಕಾಲದಲ್ಲಿ, ಆರು ಊರುಗಳ ಆರು ಅರಸರಿಗೆ, ನಾಲ್ಕು ತಿಂಗಳೊಳಗೆ ಒಂದೇ ಯೋಚನೆ ಹೆಚ್ಚೂಕಡಿಮೆ ಒಂದೇ ಮಾತಿನಲ್ಲಿ ತಾನಾಗಿ ಹೊಳೆಯುವುದಿಲ್ಲ. ಸ್ವಇಚ್ಛೆಯೆಂದು ಬರೆಸಬೇಕಾದ ಕಡೆ ಇಚ್ಛೆ ಯಾರದೆಂದು ಬೇರೆ ಹೇಳಬೇಕಿಲ್ಲ. ಇಂಥ ಪತ್ರಗಳನ್ನು ಪಕ್ಕಪಕ್ಕದಲ್ಲಿಟ್ಟು ಓದಬೇಕು. ಒಂಟಿಯಾಗಿ ಓದಿದರೆ ಅದು ವಾಗ್ದಾನ. ಜೊತೆಯಾಗಿ ಓದಿದರೆ ಒತ್ತಡದ ದಾಖಲೆ.

ಆದರೂ ಶೇಖರು ಕಲಿಯದೆ ಇರಲಿಲ್ಲ. 1932ರಲ್ಲಿ ಇಂಪೀರಿಯಲ್ ಏರ್ವೇಸಿಗೆ ಶಾರ್ಜಾದಲ್ಲಿ ವಿಮಾನ ಇಳಿಸುವ ಜಾಗ ಬೇಕಾಯಿತು. ಬ್ರಿಟಿಷರಿಗೆ ತುರ್ತು, ಶೇಖ್ ಸುಲ್ತಾನ್ ಬಿನ್ ಸಖರ್ ಅವರಿಗೆ ಅನುಕೂಲ. ಬಾಡಿಗೆಯ ಜೊತೆಗೆ, ತಮ್ಮ ಒಳಾಡಳಿತದಲ್ಲಿ ಕೈಹಾಕುವುದಿಲ್ಲವೆಂಬ ಲಿಖಿತ ಭರವಸೆಯನ್ನೂ ಅವರು ಪಡೆದುಕೊಂಡರು. ಅಬುಧಾಬಿಯ ಶೇಖ್ ಶಖ್ಬೂತ್ ಇನ್ನೂ ಮುಂದೆ ಹೋದರು. 1939ರಲ್ಲಿ ಅವರು ಒಂದು ಎಣ್ಣೆ ಕಂಪನಿಗೆ 75 ವರ್ಷದ ಗುತ್ತಿಗೆ ಕೊಟ್ಟಿದ್ದರು. ಮುಂದೆ ಕಡಲ ತಳದ ಎಣ್ಣೆಯೂ ತನ್ನದೇ ಎಂದು ಕಂಪನಿ ವಾದಿಸಿತು. ಶೇಖರು ಒಪ್ಪಲಿಲ್ಲ, ವಿವಾದ ಪಂಚಾಯ್ತಿಗೆ ಹೋಯಿತು. 1951ರಲ್ಲಿ ಲಾರ್ಡ್ ಆಸ್ಕ್ವಿತ್ ಕೊಟ್ಟ ತೀರ್ಪು: ಕರಾವಳಿಯಿಂದ ಮೂರು ಮೈಲಿಯ ಆಚೆಗಿನ ಕಡಲತಳ 1939ರ ಗುತ್ತಿಗೆಯಲ್ಲಿ ಸೇರಿಲ್ಲ. ಆ ಪ್ರದೇಶವನ್ನು ಶೇಖರು ಬೇರೆ ಕಂಪನಿಗೆ ಕೊಟ್ಟರು. 1958ರಲ್ಲಿ ಅಬುಧಾಬಿಯ ದೊಡ್ಡ ಎಣ್ಣೆ ನಿಕ್ಷೇಪವೊಂದು ಸಿಕ್ಕಿದ್ದು ಅಲ್ಲೇ, ಉಮ್ ಶೈಫ್‌ನಲ್ಲಿ. ಬರೆದ ಮಾತಿನಿಂದ ಕಟ್ಟಿಹಾಕಲಾಗಿದ್ದ ಅರಸೊತ್ತಿಗೆ, ಬರೆದ ಮಾತನ್ನೇ ಹಿಡಿದು ಗೆದ್ದಿತು.

ನಮ್ಮ ಮುಮ್ಮಡಿ ಕೃಷ್ಣರಾಜ ಒಡೆಯರೂ ಹೀಗೆಯೇ ಹೋರಾಡಿದವರು. 1831ರಲ್ಲಿ ಆಡಳಿತ ಕೈತಪ್ಪಿದ ಮೇಲೆ ದಶಕಗಟ್ಟಲೆ ಗವರ್ನರ್ ಜನರಲರಿಗೆ ಬರೆಯುತ್ತಲೇ ಇದ್ದರು. ಅವರು 1868ರಲ್ಲಿ ತೀರಿಕೊಂಡರು. 1881ರಲ್ಲಿ ರಾಜ್ಯ ದತ್ತುಪುತ್ರ ಚಾಮರಾಜೇಂದ್ರರಿಗೆ ಮರಳಿತು. ಸೈನ್ಯವಿಲ್ಲದ ದೊರೆಗೆ ಪಟ್ಟುಬಿಡದ ಲೇಖನಿಯೇ ಬಲ ಎಂಬುದು ಮೈಸೂರಿಗೂ ಅಬುಧಾಬಿಗೂ ಸಲ್ಲುವ ಮಾತು.

ಈ ಕಾಗದಗಳು ಇಂದು ಎಲ್ಲಿವೆ? ಬುಷೇರ್ ಕಚೇರಿಯ ಕಡತಗಳು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿವೆ. ಭಾರತ ಸರ್ಕಾರದ ವಿದೇಶಾಂಗ ಇಲಾಖೆಯ ಕಡತಗಳು ದೆಹಲಿಯ ರಾಷ್ಟ್ರೀಯ ಅಭಿಲೇಖಾಲಯದಲ್ಲಿವೆ. ಅಬುಧಾಬಿಯಲ್ಲಿ 1968ರಲ್ಲಿ ಆರಂಭವಾದ ದಾಖಲೆ ಕೇಂದ್ರ ಇಂದು ದೇಶದ ರಾಷ್ಟ್ರೀಯ ಗ್ರಂಥಾಲಯ ಮತ್ತು ಅಭಿಲೇಖಾಗಾರವಾಗಿ ಬೆಳೆದಿದೆ. ಸಾವಿರಾರು ಪುಟಗಳನ್ನು ಈಗ ಮನೆಯಲ್ಲೇ ಕುಳಿತು ಅಂತರ್ಜಾಲದಲ್ಲಿ ಓದಬಹುದು. ಓದುವಾಗ ಒಂದು ಎಚ್ಚರ ಬೇಕು: ಉಳಿದು ಬಂದಿರುವುದರಲ್ಲಿ ಹೆಚ್ಚಿನದು ಅಧಿಕಾರಿಗಳು ಜೋಪಾನ ಮಾಡಿದ್ದು. ಶೇಖರ ಮಾತು ಹಲವು ಬಾರಿ ಏಜೆಂಟನ ವರದಿಯ, ಮುನ್ಶಿಯ ಅನುವಾದದ ಮೂಲಕ ನಮಗೆ ತಲುಪುತ್ತದೆ. ಉತ್ತರ ಏಕೆ ತಡವಾಯಿತು, ಯಾವ ಪ್ರಶ್ನೆಗೆ ಉತ್ತರವೇ ಬರಲಿಲ್ಲ ಎಂಬುದನ್ನೂ ಗಮನಿಸಿದರೆ ಅರಸರ ಮನಸ್ಸು ತಿಳಿಯುತ್ತದೆ.

1971ರ ಡಿಸೆಂಬರ್ 1ರಂದು ಆ ಹಳೆಯ ಒಪ್ಪಂದಗಳೆಲ್ಲ ಕೊನೆಗೊಂಡವು. ಮಾರನೆಯ ದಿನ ಸಂಯುಕ್ತ ಅರಬ್ ಸಂಸ್ಥಾನ ಹುಟ್ಟಿತು. ಒಂದು ವಾರದಲ್ಲಿ, ಡಿಸೆಂಬರ್ 9ಕ್ಕೆ, ವಿಶ್ವಸಂಸ್ಥೆಯ ಸದಸ್ಯನಾಯಿತು. 1972ರಲ್ಲಿ ಭಾರತದೊಂದಿಗೆ ರಾಜತಾಂತ್ರಿಕ ಸಂಬಂಧ ಏರ್ಪಟ್ಟಿತು. ಆ ವರ್ಷ ದೆಹಲಿಯಲ್ಲಿ ಅವರ ರಾಯಭಾರ ಕಚೇರಿ ತೆರೆಯಿತು, ಮರುವರ್ಷ ಅಬುಧಾಬಿಯಲ್ಲಿ ನಮ್ಮದು. ಒಂದು ಕಾಲಕ್ಕೆ ಹೊರಗಿನವರಿಗೆ ಪತ್ರ ಬರೆಯುವ ಹಕ್ಕನ್ನೇ ಕಳೆದುಕೊಂಡಿದ್ದ ಎರಡು ನೆಲಗಳು, ನಡುವೆ ಯಾವ ರೆಸಿಡೆಂಟನೂ ಇಲ್ಲದೆ, ಸಮಾನರಾಗಿ ಒಂದಕ್ಕೊಂದು ಬರೆಯತೊಡಗಿದವು. ಈ ಹಕ್ಕು ಎಷ್ಟು ದೊಡ್ಡದು, ಅದಕ್ಕೆ ಎಷ್ಟು ತಲೆಮಾರು ಕಾಯಬೇಕಾಯಿತು ಎಂಬುದನ್ನು ತಿಳಿಯಲು ಆ ಹಳೆಯ ಕಡತಗಳನ್ನು ತೆರೆದು ನೋಡಿ. ಇಲ್ಲಿ ಬೆಳೆಯುತ್ತಿರುವ, ಶಾಲೆಯಲ್ಲಿ ಅರಬ್ಬೀ ಕಲಿಯುತ್ತಿರುವ ನಮ್ಮ ಕನ್ನಡದ ಮಕ್ಕಳಲ್ಲಿ ಕೆಲವರಾದರೂ ಅವನ್ನು ಮೂಲದಲ್ಲೇ ಓದಿ ಕನ್ನಡಕ್ಕೆ ತರುವಂತಾಗಲಿ ಎಂಬುದು ನನ್ನ ಆಸೆ.