ಅಡ್ಡಹೆಸರಿನ ಊರಿಗೆ



ನಿಮ್ಮ ತರಗತಿಯಲ್ಲಿ ಬಬಲೇಶ್ವರ, ಸಾರವಾಡ, ತೊರವಿ ಎಂಬ ಅಡ್ಡಹೆಸರಿನವರು ಯಾರಾದರೂ ಇರಬಹುದು. ಇವು ಮೂರೂ ವಿಜಯಪುರ ಜಿಲ್ಲೆಯ ಊರುಗಳು. ಇಲ್ಲೊಂದು ಸಣ್ಣ ತರ್ಕವಿದೆ. ಬಬಲೇಶ್ವರದಲ್ಲಿಯೇ ಇರುವವನನ್ನು ನೆರೆಯವರು ಬಬಲೇಶ್ವರದವ ಎಂದು ಕರೆಯುವುದಿಲ್ಲ. ಅಲ್ಲಿ ಎಲ್ಲರೂ ಅದೇ ಊರಿನವರು. ಊರು ಬಿಟ್ಟವನಿಗೆ, ಅವನು ಸೇರಿದ ಊರಿನ ಜನ ಆ ಹೆಸರನ್ನು ಕೊಡುತ್ತಾರೆ. ಹಾಗಾಗಿ ಇಂಥ ಅಡ್ಡಹೆಸರು ಬಹುಮಟ್ಟಿಗೆ ಒಂದು ವಲಸೆಯ ದಾಖಲೆ. ಯಾಕೆ ಬಿಟ್ಟರು ಎಂಬುದನ್ನು ಮಾತ್ರ ಅದು ಹೇಳುವುದಿಲ್ಲ.

ಮನೆಯವರೊಡನೆ ವಿಜಯಪುರಕ್ಕೆ ಹೋದವರು ಸಾಮಾನ್ಯವಾಗಿ ಗೋಳಗುಮ್ಮಟ ಹತ್ತಿ, ಪಿಸುಗುಟ್ಟುವ ಗ್ಯಾಲರಿಯಲ್ಲಿ ಕೂಗಿ (ಪಿಸುಗುಟ್ಟುವವರನ್ನು ನಾನು ಕಂಡಿಲ್ಲ) ಮರಳುತ್ತಾರೆ. ಅದನ್ನು ನೋಡಲೇಬೇಕು. ಆದರೆ ಪೂರ್ವಜರ ನೆಲ ಹುಡುಕುವವರು ಅಲ್ಲಿಂದ ಪಶ್ಚಿಮಕ್ಕೆ, ಅಥಣಿ ರಸ್ತೆ ಹಿಡಿಯಬೇಕು. ಮೊದಲು ಸಿಗುವುದು ತೊರವಿ. 16ನೆಯ ಶತಮಾನದಲ್ಲಿ ಒಂದನೆಯ ಅಲಿ ಆದಿಲ್‌ಶಾಹ ಇಲ್ಲಿಂದ ನೆಲದಡಿಯ ಸುರಂಗದಲ್ಲಿ ನಗರಕ್ಕೆ ನೀರು ತರಿಸಿದ. ರಾಜಧಾನಿಗೂ ಇಲ್ಲಿ ಮೊದಲ ಚಿಂತೆ ನೀರೇ ಆಗಿತ್ತು!

ಮುಂದೆ ತಿಕೋಟಾ. ನಾನು ತಂದೆಯವರನ್ನೂ ಮಕ್ಕಳನ್ನೂ ಕರೆದುಕೊಂಡು ಹೋದಾಗ ರಸ್ತೆಯ ಇಕ್ಕೆಲದಲ್ಲಿ ದ್ರಾಕ್ಷಿ ತೋಟಗಳು. "ಅಜ್ಜ ಬರದ ನಾಡು ಅಂದಿದ್ದರಲ್ಲ?" ಎಂದಳು ಮಗಳು. ಅಜ್ಜ ಕೇಳಿದ್ದೂ ನಿಜ, ಅವಳು ಕಂಡದ್ದೂ ನಿಜ. ನಡುವೆ ಕೊಳವೆಬಾವಿ ಬಂದಿದೆ, ಹನಿ ನೀರಾವರಿ ಬಂದಿದೆ, ಏತ ನೀರಾವರಿಯಿಂದ ಕೃಷ್ಣೆಯ ನೀರು ಕೆರೆಗಳಿಗೆ ಏರಿದೆ.

ನಗರಕ್ಕೆ ಮರಳಿ ಬಬಲೇಶ್ವರದ ದಾರಿ ಹಿಡಿದರೆ ಸಾರವಾಡದ ಬಳಿ ಡೋಣಿ ನದಿ. ಅದರ ನೀರು ಉಪ್ಪು. ಆದರೂ ಡೋಣಿ ಹರಿದರೆ ಓಣಿಗೆಲ್ಲ ಜೋಳ ಎಂಬುದು ಇಲ್ಲಿನ ಗಾದೆ. ಗುಟ್ಟು ಎರೆಮಣ್ಣಿನಲ್ಲಿದೆ. ಬಸಾಲ್ಟ್ ಶಿಲೆ ಸವೆದು ಆದ ಈ ಜೇಡಿ, ಮಳೆಯ ನೀರು ಹೀರಿ ಉಬ್ಬುತ್ತದೆ, ಒಣಗಿದಾಗ ಬಿರಿಯುತ್ತದೆ. ಹಿಂಗಾರಿ ಬಿಳಿಜೋಳ ಬಹುಪಾಲು ಆ ಕೂಡಿಟ್ಟ ತೇವದ ಮೇಲೆಯೇ ಬೆಳೆಯುತ್ತದೆ. ಮಳೆ ಕೈಕೊಟ್ಟರೆ ಕೂಡಿಡಲು ಏನೂ ಇಲ್ಲ. 1876–78ರ ಮಹಾಕ್ಷಾಮದಲ್ಲಿ ಆದದ್ದು ಅದೇ. ಆಗ ಕಲಾದಗಿ ಜಿಲ್ಲೆ ಎನಿಸಿದ್ದ ಈ ಸೀಮೆ ಅತಿ ಹೆಚ್ಚು ನೊಂದ ಪ್ರದೇಶಗಳಲ್ಲೊಂದು. ಮುಂದಿನ ದಶಕದಲ್ಲಿ ಹೋಟಗಿ–ಗದಗ ರೈಲು ಬಂತು. ಸೊಲ್ಲಾಪುರದ ಗಿರಣಿಗಳು ಹತ್ತಿರವಾದವು. ಅಡ್ಡಹೆಸರುಗಳು ರೈಲು ಹತ್ತಿದವು.

ಬಬಲೇಶ್ವರದ ಕಟ್ಟೆಯೊಂದರ ಮೇಲಿದ್ದ ಹಿರಿಯರು "ಯಾರ ಪೈಕಿ?" ಎಂದು ಕೇಳಿದರು. ತಂದೆಯವರು ಅಡ್ಡಹೆಸರು ಹೇಳಿದರು. ಹಿರಿಯರು ನಕ್ಕು, "ಅದು ನಮ್ಮೂರ ಹೆಸರಾತು. ಮನೆತನದ ಹೆಸರೇನ್ರಿ?" ಎಂದರು. ತಂದೆಯವರಿಗೆ ಗೊತ್ತಿರಲಿಲ್ಲ. ಗೊತ್ತಿದ್ದವರು ಅವರ ಅಜ್ಜಿ. ಆಕೆಯನ್ನು ಯಾರೂ ಕೇಳಿರಲಿಲ್ಲ.

ಆದ್ದರಿಂದ ಹೊರಡುವ ಮುನ್ನವೇ ಮನೆಯ ಹಿರಿಯರನ್ನು ಕೂರಿಸಿಕೊಂಡು ಕೇಳಿ: ಮನೆತನದ ಹೆಸರು, ಮನೆದೇವರು, ಹೊಲದ ಹೆಸರು, ನೀರು ತರುತ್ತಿದ್ದ ಬಾವಿ. ಅವರ ದನಿಯಲ್ಲೇ ಮುದ್ರಿಸಿಕೊಳ್ಳಿ. ಹಳೆಯ ಕಾಗದಪತ್ರಗಳಿದ್ದರೆ ಎಸೆಯಬೇಡಿ. ಈ ಭಾಗ 1956ರವರೆಗೆ ಮುಂಬಯಿ ಆಡಳಿತದಲ್ಲಿತ್ತು. ಹಿಂದಿನ ಜಮೀನಿನ ಪತ್ರಗಳು ಮೋಡಿ ಲಿಪಿಯಲ್ಲಿರುವುದುಂಟು. ಓದಲು ಬಾರದ ಆ ಗೀಚಿನಲ್ಲಿ ನಿಮ್ಮ ಮುತ್ತಜ್ಜನ ಹೊಲದ ಮೇರೆ ಇರಬಹುದು.