ಕಣ್ಣು, ಕಾಲು, ನೆಲ: ಗ್ರಹಿಕೆಯ ಪರಿಸರ ದೃಷ್ಟಿ

(ಪುತ್ತೂರು, ಸುಳ್ಯ ಮತ್ತು ಕಡಬ ತಾಲೂಕುಗಳ ಗ್ರಾಮಸ್ಥರು ಹಾಗೂ ವಿದ್ಯಾರ್ಥಿಗಳಿಗಾಗಿ ಸಿದ್ಧಪಡಿಸಿದ ಉಪನ್ಯಾಸದ ಪಾಠ)



ಅಡಿಕೆ ತೋಟದಲ್ಲಿ ಮರವೇರುವ ನುರಿತ ಕೆಲಸಗಾರ ಒಂದು ಮರದ ಗೊನೆ ಇಳಿಸಿದೊಡನೆ ಕೆಳಗಿಳಿಯುವುದಿಲ್ಲ. ತಾನಿರುವ ಮರವನ್ನೇ ತೂಗಿ ಬಾಗಿಸಿ, ಪಕ್ಕದ ಮರವನ್ನು ಕೈಚಾಚಿ ಹಿಡಿದು, ನೆಲ ಮುಟ್ಟದೆ ಅದಕ್ಕೆ ದಾಟುತ್ತಾನೆ. ಯಾವ ಮರ ಬಾಗೀತು, ಯಾವುದು ಮುರಿದೀತು, ಯಾವ ಅಂತರ ದಾಟತಕ್ಕದ್ದು, ಯಾವುದು ದಾಟಬಾರದ್ದು ಎಂಬುದನ್ನು ಆತ ಅಳತೆಪಟ್ಟಿ ಹಿಡಿದು ನಿರ್ಣಯಿಸುವುದಿಲ್ಲ. ಆದರೂ ಆ ನಿರ್ಣಯದ ಮೇಲೆ ಅವನ ಪ್ರಾಣ ನಿಂತಿದೆ. ಹಾಗಾದರೆ ಆ ತಿಳಿವಳಿಕೆ ಇರುವುದೆಲ್ಲಿ? ತಲೆಯೊಳಗೋ, ಕೈಕಾಲುಗಳಲ್ಲೋ, ಮರದಲ್ಲೋ?

ಮನೋವಿಜ್ಞಾನವು ಬಹುಕಾಲ ಈ ಪ್ರಶ್ನೆಗೆ ಒಂದೇ ಬಗೆಯ ಉತ್ತರವನ್ನು ನೀಡುತ್ತ ಬಂದಿತ್ತು. ಕಣ್ಣು ಒಂದು ಕ್ಯಾಮರಾ. ಅದು ಚಪ್ಪಟೆಯಾದ, ಅಪೂರ್ಣವಾದ ಚಿತ್ರವೊಂದನ್ನು ಒಳಗೆ ಕಳುಹಿಸುತ್ತದೆ. ಮೆದುಳು ನೆನಪು ಮತ್ತು ತರ್ಕಗಳ ಬಲದಿಂದ ಲೆಕ್ಕ ಹಾಕಿ ಹೊರಗಿನ ಲೋಕವನ್ನು ಊಹಿಸಿಕೊಳ್ಳುತ್ತದೆ ಎಂಬುದೇ ಆ ಉತ್ತರ. ಇದನ್ನು ಪ್ರಶ್ನಿಸಿದವರಲ್ಲಿ ಪ್ರಮುಖರು ಅಮೆರಿಕದ ಮನೋವಿಜ್ಞಾನಿ ಜೇಮ್ಸ್ ಗಿಬ್ಸನ್ (1904–1979). ಎರಡನೆಯ ಮಹಾಯುದ್ಧದ ಕಾಲದಲ್ಲಿ ಅವರು ವಿಮಾನ ಚಾಲಕರ ದೃಷ್ಟಿಯನ್ನು ಅಧ್ಯಯನ ಮಾಡಿದರು. ನೆಲಕ್ಕಿಳಿಯುವ ಚಾಲಕನಿಗೆ ಮುಖ್ಯವಾದುದು ಶೂನ್ಯದಲ್ಲಿ ತೇಲುವ ಬಿಡಿ ವಸ್ತುಗಳ ದೂರವಲ್ಲ, ದಿಗಂತದವರೆಗೆ ಹಬ್ಬಿದ ನೆಲವೇ ಎಂದು ಅವರು ಕಂಡುಕೊಂಡರು. ಆ ಚಿಂತನೆ 1950, 1966 ಮತ್ತು 1979ರಲ್ಲಿ ಪ್ರಕಟವಾದ ಅವರ ಮೂರು ಗ್ರಂಥಗಳಲ್ಲಿ ಬೆಳೆಯಿತು. ಜೀವಿಯನ್ನು ಅದರ ಪರಿಸರದಿಂದ ಬೇರ್ಪಡಿಸಿ ಗ್ರಹಿಕೆಯನ್ನು ಅರಿಯಲಾಗದು ಎಂಬುದು ಅದರ ತಿರುಳು. ಆದುದರಿಂದಲೇ ಅದಕ್ಕೆ ಪರಿಸರ ಮನೋವಿಜ್ಞಾನವೆಂಬ ಹೆಸರು ಬಂದಿತು.

ಗಿಬ್ಸನ್ನರ ಮೊದಲ ಮಾತು ಚಲನೆಗೆ ಸಂಬಂಧಿಸಿದ್ದು. ನಡೆಯುವವನ ಕಣ್ಣಿಗೆ ಸುತ್ತಲಿನ ದೃಶ್ಯವೆಲ್ಲ ಹರಿಯುತ್ತದೆ. ಆತ ಯಾವ ಬಿಂದುವಿನತ್ತ ಸಾಗುತ್ತಿರುವನೋ ಅದೊಂದು ಮಾತ್ರ ನಿಶ್ಚಲ. ಉಳಿದುದೆಲ್ಲ ಅಲ್ಲಿಂದ ಹೊರಕ್ಕೆ ಹರಡುತ್ತದೆ. ದಾರಿಯ ದಿಕ್ಕು ಆ ಹರಿವಿನಲ್ಲಿಯೇ ದೊರೆಯುತ್ತದೆ. ಎದುರಿನಿಂದ ಬರುವ ವಸ್ತು ಎಷ್ಟು ಬೇಗ ಹಿಗ್ಗುತ್ತದೆಂಬುದರಿಂದಲೇ ಅದು ಬಂದು ತಾಗಲು ಎಷ್ಟು ಹೊತ್ತು ಉಳಿದಿದೆಯೆಂಬುದು ತಿಳಿಯಬಲ್ಲದು, ದೂರವನ್ನಾಗಲಿ ವೇಗವನ್ನಾಗಲಿ ಬೇರೆ ಬೇರೆಯಾಗಿ ಅಳೆಯಬೇಕಿಲ್ಲ ಎಂದು ಡೇವಿಡ್ ಲೀ 1976ರಲ್ಲಿ ತೋರಿಸಿದರು. ಚಲಿಸದವನಿಗೆ ದಾರಿಯ ದಿಕ್ಕನ್ನು ತಿಳಿಸುವ ಆ ಹರಿವು ಇಲ್ಲ. ನೋಡುವುದಕ್ಕಾಗಿ ನಡೆಯಬೇಕು, ನಡೆಯುವುದಕ್ಕಾಗಿ ನೋಡಬೇಕು.

ಎರಡನೆಯ ಮಾತು ಇನ್ನೂ ಮುಖ್ಯವಾದುದು. ಜೀವಿಗೆ ಪರಿಸರವು ಏನನ್ನು ಒದಗಿಸುತ್ತದೆಯೋ ಅದನ್ನು ಗಿಬ್ಸನ್ 'ಅಫೋರ್ಡೆನ್ಸ್' ಎಂದು ಕರೆದರು. ಕನ್ನಡದಲ್ಲಿ ಅದನ್ನು 'ಒದಗು' ಎನ್ನಬಹುದು. ಕಲ್ಲು ಕೂರಲು ಒದಗುತ್ತದೆ, ಬೀಳಲು ಬಳ್ಳಿ ತೂಗಲು ಒದಗುತ್ತದೆ, ಜಾರುಬಂಡೆ ಬೀಳಲೂ ಒದಗುತ್ತದೆ. ಒದಗು ಕೇವಲ ವಸ್ತುವಿನ ಗುಣವಲ್ಲ, ಕೇವಲ ಮನಸ್ಸಿನ ಭಾವನೆಯೂ ಅಲ್ಲ. ಇಂಥ ದೇಹಕ್ಕೂ ಇಂಥ ನೆಲಕ್ಕೂ ಇರುವ ಸಂಬಂಧ. ವಿಲಿಯಂ ವಾರೆನ್ 1984ರಲ್ಲಿ ಎತ್ತರದವರಿಗೂ ಗಿಡ್ಡರಿಗೂ ಬೇರೆ ಬೇರೆ ಎತ್ತರದ ಮೆಟ್ಟಿಲುಗಳನ್ನು ತೋರಿಸಿ, ಕೈಯೂರದೆ ಹತ್ತಬಲ್ಲಿರಾ ಎಂದು ಕೇಳಿದರು. ಇಬ್ಬರ ಮಿತಿಯೂ ಅಂಗುಲಗಳಲ್ಲಿ ಬೇರೆಯಾಗಿತ್ತು. ಆದರೆ ತಂತಮ್ಮ ಕಾಲಿನ ಉದ್ದಕ್ಕೆ ಹೋಲಿಸಿದಾಗ ಎರಡೂ ಗುಂಪಿನಲ್ಲಿ ಅದು ಸುಮಾರು 0.88 ಪಾಲು. ಜನರು ಮೆಟ್ಟಿಲನ್ನು ತಮ್ಮ ಕಾಲಿನ ಅಳತೆಯಲ್ಲಿಯೇ ಕಾಣುತ್ತಾರೆ.

ಇದನ್ನು ಸುಳ್ಯದವರಿಗೆ ವಿವರಿಸಬೇಕಾದುದಿಲ್ಲ. ಬೇಸಿಗೆಯ ಪಯಸ್ವಿನಿ ಮಗುವಿಗೂ ದಾರಿ. ಆಷಾಢದ ಪಯಸ್ವಿನಿ ಈಜುಬಲ್ಲವನಿಗೂ ಗೋಡೆ. 1989ರಲ್ಲಿ ಆರಂಬೂರಿನಲ್ಲಿ ಗಿರೀಶ ಭಾರದ್ವಾಜರು ಈ ನದಿಗೆ ತಮ್ಮ ಮೊದಲ ತೂಗುಸೇತುವೆಯನ್ನು ಕಟ್ಟಿದಾಗ ನದಿಯ ನೀರು ಬದಲಾಗಲಿಲ್ಲ, ಜನರ ಕಾಲೂ ಬದಲಾಗಲಿಲ್ಲ. ಅವೆರಡರ ನಡುವಣ ಸಂಬಂಧ ಬದಲಾಯಿತು. ಮುಂದೆ ನೂರಕ್ಕೂ ಹೆಚ್ಚು ಕಡೆ ಇಂಥ ಸೇತುವೆಗಳನ್ನು ಕಟ್ಟಿದ ಅವರಿಗೆ 2017ರಲ್ಲಿ ಪದ್ಮಶ್ರೀ ಸಂದಿತು.

ಒದಗನ್ನು ಕಾಣುವ ಶಕ್ತಿ ಹುಟ್ಟಿನಿಂದ ಪೂರ್ಣವಾಗಿ ಬಂದುದಲ್ಲ. ಗಿಬ್ಸನ್ನರ ಪತ್ನಿ ಎಲೀನರ್ ಗಿಬ್ಸನ್ ಮತ್ತು ರಿಚರ್ಡ್ ವಾಕ್ 1960ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಗಾಜು ಹಾಸಿದ ಕೃತಕ ಪ್ರಪಾತದ ಅಂಚಿಗೆ ತೆವಳುವ ಶಿಶುಗಳನ್ನು ಬಿಡಲಾಯಿತು. ತಾಯಿ ಕರೆದರೂ ಹೆಚ್ಚಿನವು ಆಳದ ಕಡೆಗೆ ಹೋಗಲಿಲ್ಲ. ಮುಂದೆ ಕ್ಯಾರೆನ್ ಅಡಾಲ್ಫ್ ಇಳಿಜಾರುಗಳ ಮೇಲೆ ಮಕ್ಕಳನ್ನು ತಿಂಗಳುಗಟ್ಟಲೆ ಗಮನಿಸಿ 1997ರಲ್ಲಿ ಒಂದು ಅಚ್ಚರಿಯ ಸಂಗತಿಯನ್ನು ದಾಖಲಿಸಿದರು. ಅಂಬೆಗಾಲಿಡುವ ಮಗು ವಾರಗಳ ಅನುಭವದಿಂದ ಅಪಾಯದ ಇಳಿಜಾರನ್ನು ಬಿಡಲು ಕಲಿಯುತ್ತದೆ. ಅದೇ ಮಗು ಎದ್ದು ನಡೆಯತೊಡಗಿದೊಡನೆ ಅದೇ ಇಳಿಜಾರಿನಲ್ಲಿ ಮುನ್ನುಗ್ಗಿ ಬೀಳುತ್ತದೆ. ತೆವಳುವಾಗಿನ ಪಾಠ ನಡೆಯುವಾಗ ಒದಗಲಿಲ್ಲ. ದೇಹದ ರೀತಿ ಬದಲಾದಾಗ ನೆಲವನ್ನು ಹೊಸದಾಗಿ ಕಲಿಯಬೇಕಾಯಿತು.

ಈ ಸಿದ್ಧಾಂತವನ್ನು ಎಲ್ಲರೂ ಒಪ್ಪಿದ್ದಾರೆಂದಲ್ಲ. ಬೆಳಕಿನಲ್ಲಿರುವ ಮಾಹಿತಿಯಷ್ಟೇ ಸಾಲದು, ಮನಸ್ಸಿನ ಅನುಮಾನವೂ ನೆನಪೂ ಬೇಕೇ ಬೇಕು ಎಂದು ಫೋಡರ್ ಮತ್ತು ಪಿಲಿಶಿನ್ 1981ರಲ್ಲಿ ಗಟ್ಟಿಯಾಗಿ ವಾದಿಸಿದರು. ಆ ಚರ್ಚೆ ಇಂದಿಗೂ ಮುಗಿದಿಲ್ಲ. ಆದರೆ ಅರಿವಿನ ಅರ್ಧಭಾಗ ನೆಲದಲ್ಲಿದೆ ಎಂಬ ಮಾತನ್ನು ಇಂದು ಕಡೆಗಣಿಸುವುದು ಸುಲಭವಲ್ಲ.

ಮರವೇರುವವರು ವಿರಳರಾದಂತೆ ತೋಟಗಳಿಗೆ ಕಾರ್ಬನ್ ಫೈಬರಿನ ದೋಟಿ ಬಂದಿದೆ. ನೆಲದ ಮೇಲೆ ನಿಂತು ಗೊನೆ ಕೊಯ್ಯುವವನು, ಬೋರ್ಡೋ ದ್ರಾವಣ ಸಿಂಪಡಿಸುವವನು ಕೇವಲ ಕಣ್ಣಿನಿಂದ ಕೆಲಸ ಮಾಡುವುದಿಲ್ಲ. ಕೋಲನ್ನು ಕಾಣದಂತೆ ಮರೆಮಾಡಿ ಕೈಯಲ್ಲಿ ಬೀಸಲು ಬಿಟ್ಟರೆ ಅದರ ಉದ್ದವನ್ನು ಜನ ಸಾಕಷ್ಟು ಸರಿಯಾಗಿ ಹೇಳಬಲ್ಲರೆಂದು ಮೈಕೇಲ್ ಟರ್ವಿ ಮತ್ತು ಅವರ ಸಹವರ್ತಿಗಳ ಪ್ರಯೋಗಗಳು ತೋರಿಸಿವೆ. ಬೀಸಿದಾಗ ತೋಳಿಗೆ ತಾಗುವ ಪ್ರತಿರೋಧವೇ ಅಲ್ಲಿನ ಮಾಹಿತಿ. ಆದುದರಿಂದ ದೋಟಿ ಕೌಶಲವನ್ನು ಅಳಿಸಿತೆಂದು ಮರುಗುವುದು ಸರಿಯಲ್ಲ. ಅದು ಹೊಸದೊಂದು ಕೌಶಲವನ್ನು ಬೇಡುತ್ತದೆ, ಜೀವಾಪಾಯವನ್ನೂ ತಗ್ಗಿಸುತ್ತದೆ. ಆದರೆ ಮರದ ತುದಿಯಲ್ಲಿ ಕುಳಿತು ಸುಳಿ, ಸಿಂಗಾರ, ಎಳೆಗಾಯಿಗಳನ್ನು ಗೇಣುದೂರದಿಂದ ನೋಡುತ್ತಿದ್ದ ಕಣ್ಣು ಅಲ್ಲಿಂದ ಕೆಳಗಿಳಿಯಿತು. ಆ ನೋಟವನ್ನು ಬೇರೆ ಯಾವ ಬಗೆಯಲ್ಲಿ ಉಳಿಸಿಕೊಳ್ಳಬೇಕೆಂಬುದು ಬೆಳೆಗಾರರು ಯೋಚಿಸಬೇಕಾದ ವಿಷಯ.

ಇನ್ನು ಕಡಬದ ಕಾಡಂಚಿನ ಮಾತು. 2023ರ ಫೆಬ್ರವರಿಯಲ್ಲಿ ರೆಂಜಿಲಾಡಿಯಲ್ಲಿ ಕಾಡಾನೆಯ ದಾಳಿಗೆ ಇಬ್ಬರು ಬಲಿಯಾದರು. ಈ ದುಃಖವನ್ನು ಯಾವ ಸಿದ್ಧಾಂತವೂ ಶಮನಗೊಳಿಸದು. ಆದರೆ ಪರಿಹಾರವನ್ನು ಯೋಚಿಸುವಾಗ ಪರಿಸರ ದೃಷ್ಟಿ ಎರಡು ಪ್ರಶ್ನೆಗಳನ್ನು ಮುಂದಿಡುತ್ತದೆ.

ಮೊದಲನೆಯದು, ಆನೆಯ ಕಾಲಿಗೆ ಈ ನೆಲ ಏನನ್ನು ಒದಗಿಸುತ್ತದೆ? ಕಾಗದದ ಮೇಲೆ ಕಂದಕವೊಂದಕ್ಕೆ ಇಷ್ಟು ಅಗಲ, ಇಷ್ಟು ಆಳ ಎಂದಿರುತ್ತದೆ. ಪಶ್ಚಿಮಘಟ್ಟದ ಮಳೆಗೆ ಅದರ ದಂಡೆ ಕುಸಿದು ಮಣ್ಣು ತುಂಬಿದ ಮೇಲೆ ಅಳತೆಪುಸ್ತಕದಲ್ಲಿ ಅದು ಕಂದಕವಾಗಿಯೇ ಉಳಿದರೂ ಆನೆಗೆ ಇಳಿಜಾರು, ಅರ್ಥಾತ್ ದಾರಿ. ಬೇಲಿಯೂ ಹಾಗೆಯೇ: ವಿದ್ಯುತ್ತಿಲ್ಲದ ಸೌರಬೇಲಿ ಮನುಷ್ಯನ ಕಣ್ಣಿಗೆ ಬೇಲಿ, ಆನೆಗೆ ಬರಿಯ ತಂತಿ. ಕಾಡಿನೊಳಗೆ ನೀರು, ಬಿದಿರು ಇಲ್ಲದಿದ್ದಾಗ ತೋಟದ ಬಾಳೆ ದೊಡ್ಡ ಒದಗಾಗುತ್ತದೆ. ಆದುದರಿಂದ ಯೋಜನೆಯ ಪರೀಕ್ಷೆ ಮಂಜೂರಾತಿಯ ದಿನ ಮುಗಿಯತಕ್ಕದ್ದಲ್ಲ. ಪ್ರತಿ ಮಳೆಗಾಲದ ನಂತರವೂ ಆನೆಯ ದೃಷ್ಟಿಯಿಂದ ಆ ಗಡಿಯನ್ನು ನಡೆದು ನೋಡಬೇಕು.

ಎರಡನೆಯದು, ಮನುಷ್ಯನ ದೇಹಕ್ಕೆ ಕಾಡುದಾರಿ ಏನನ್ನು ತಿಳಿಸುತ್ತದೆ? ನಡೆದು ಹೋಗುವವನಿಗೆ ಮುರಿದ ರೆಂಬೆಯ ಸದ್ದು, ಹಸಿ ಲದ್ದಿಯ ವಾಸನೆ, ಹಕ್ಕಿಗಳ ಹಠಾತ್ ಮೌನ, ಕೆಸರಿನ ಹೆಜ್ಜೆಗುರುತು ಎಲ್ಲವೂ ಸಿಗುತ್ತವೆ. ಅದೇ ದಾರಿಯಲ್ಲಿ ಬೈಕಿನಲ್ಲಿ ಸಾಗುವವನಿಗೆ ಎಂಜಿನ್ನಿನ ಸದ್ದು ಕಿವಿಯನ್ನು ಮುಚ್ಚುತ್ತದೆ, ವೇಗ ಮೂಗನ್ನು ಮುಚ್ಚುತ್ತದೆ. ತಿರುವಿನಾಚೆಯ ಆನೆ ತೀರ ಹತ್ತಿರದಲ್ಲಿ ಮಾತ್ರ ಕಾಣುತ್ತದೆ. ಆತ ಅಜ್ಜನಷ್ಟು ಜಾಣನಲ್ಲವೆಂದೇನೂ ಅಲ್ಲ. ಅಡಾಲ್ಫರ ಮಗುವಿನಂತೆ ಆತನೂ ಹಳೆಯ ನೆಲದಲ್ಲಿ ಹೊಸ ರೀತಿಯಲ್ಲಿ ಸಾಗುತ್ತಿದ್ದಾನೆ. ಹಾಗೆಂದು ಕಾಲ್ನಡಿಗೆಯೇ ರಕ್ಷಣೆಯೆಂದು ಭಾವಿಸಬಾರದು. ಮುಂಜಾವಿನ ಮಬ್ಬಿನಲ್ಲಿ ಎಚ್ಚರದ ಕಿವಿಯೂ ಸಾಲದು. ದಾರಿಯ ಬದಿಯ ಪೊದೆ ತೆರವು, ತಿರುವುಗಳಲ್ಲಿ ಬೆಳಕು, ಆನೆ ಕಂಡ ಸುದ್ದಿಯನ್ನು ಒಡನೆ ಮನೆಮನೆಗೆ ಮುಟ್ಟಿಸುವ ವ್ಯವಸ್ಥೆ, ಮಕ್ಕಳು ಗುಂಪಾಗಿ ಶಾಲೆಗೆ ಹೋಗುವ ಏರ್ಪಾಡು ಅತ್ಯಗತ್ಯ. ಇವುಗಳನ್ನು ಕೇಳುವುದು ಗ್ರಾಮಸ್ಥರ ಹಕ್ಕು.

ವಿದ್ಯಾರ್ಥಿಗಳಿಗೆ ಇಲ್ಲಿ ಮಾಡತಕ್ಕ ಕೆಲಸವೂ ಇದೆ. ಮಕ್ಕಳ ಕಲಿಕೆಯನ್ನು ನಾಲ್ಕು ಗೋಡೆಗಳಿಂದ ಹೊರತರುವ ಪ್ರಯೋಗಕ್ಕೆ ಪುತ್ತೂರು ಹೊಸದಲ್ಲ. ಶಿವರಾಮ ಕಾರಂತರ ಬಾಲವನ ಇದೇ ಊರಿನಲ್ಲಿದೆ. ಪ್ರತಿ ಶಾಲೆಯೂ ತನ್ನ ಗ್ರಾಮದ ಒಂದು ನಕ್ಷೆಯನ್ನು ಮಾಡಬಹುದು. ಅದರಲ್ಲಿ ಸರ್ವೆ ನಂಬರುಗಳ ಬದಲು ಯಾವ ಕಾಲುಸಂಕ ಯಾವ ತಿಂಗಳವರೆಗೆ ದಾಟಲು ಯೋಗ್ಯ, ಯಾವ ತೋಡು ಎಷ್ಟು ಮಳೆಗೆ ಉಕ್ಕುತ್ತದೆ, ಯಾವ ಗುಡ್ಡದ ಕಡಿತದಲ್ಲಿ ಮಣ್ಣು ಜಿನುಗುತ್ತದೆ, ಆನೆ ಎಲ್ಲಿ ದಾಟುತ್ತದೆ ಎಂಬುದಿರಲಿ. ಮಾಹಿತಿಗಾಗಿ ಹಿರಿಯರ ಮನೆಯಂಗಳದಲ್ಲಿ ಕುಳಿತು ಕೇಳಿದರೆ ಸಾಲದು, ಅವರೊಡನೆ ದಾರಿ ನಡೆಯಬೇಕು. ಅವರಿಗೆ ಗೊತ್ತಿರುವ ಬಹಳಷ್ಟು ಸಂಗತಿಗಳು ಬಾಯಿಗೆ ಬರುವುದು ಆ ಸ್ಥಳ ತಲುಪಿದಾಗಲೇ.

ಗುಡ್ಡವೊಂದನ್ನು ಅಗೆದು ಸಮತಟ್ಟು ಮಾಡಿದಾಗ ಮರ ಮತ್ತು ಮಣ್ಣಿನ ನಷ್ಟವನ್ನು ಲೆಕ್ಕ ಹಾಕಲಾಗುತ್ತದೆ. ಆ ಗುಡ್ಡದ ಮೇಲೆ ತಲೆಮಾರುಗಳು ನಡೆದು ಪಡೆದ ತಿಳಿವಳಿಕೆಗೂ ಅಂದೇ ನೆಲೆ ತಪ್ಪುತ್ತದೆ. ಪರಿಸರ ಹಾನಿಯ ಲೆಕ್ಕದಲ್ಲಿ ಈ ಬಾಬ್ತೂ ಸೇರಬೇಕೆಂದು ಗ್ರಾಮಸಭೆಗಳು ಒತ್ತಾಯಿಸಲಿ.